ರೈಫಲಿನೊಳಗೆ ತೂಕವೂ ವೇಳೆಯೂ

ಕಳೆದ ತಿಂಗಳ ಒಂದು ಭಾನುವಾರ ನಮ್ಮ ವಾಚನಾಲಯದ ಮೇಜಿನ ಸುತ್ತ ಒಂದು ಚರ್ಚೆ ಎದ್ದಿತು. ಚಾಕಣದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವ ತರುಣ ಓದುಗರೊಬ್ಬರು ಕೇಳಿದರು: "ನಕಾಶೆಯಲ್ಲಿ ಉದ್ದ ಅಗಲದ ಜೊತೆಗೆ ತೂಕಕ್ಕೂ ಮಿತಿ ಹಾಕಿರ್ತಾರೆ. ಅಳತೆ ಸರಿ ಇದ್ದ ಮೇಲೆ ಹತ್ತು ಗ್ರಾಂ ಕಡಿಮೆಯಾದರೆ ಯಾರಿಗೆ ನಷ್ಟ? ಹಗುರಾದಷ್ಟೂ ಒಳ್ಳೇದಲ್ಲವೆ?" ಎದುರಿಗೆ ಕುಳಿತಿದ್ದವರು ಸೈನ್ಯದಿಂದ ನಿವೃತ್ತರಾಗಿ ಈಗ ಹಿಂಜವಾಡಿಯ ಕಂಪನಿಯೊಂದರ ಗೇಟಿನಲ್ಲಿ ಕಾವಲಿಗಿರುವ ಹಿರಿಯರು. ಅವರು ಪತ್ರಿಕೆಯನ್ನು ಮಡಚಿಟ್ಟು, "ತಮ್ಮಾ, ರೈಫಲಿನ ಮುಂದ ಹಂಗ ಅನಬ್ಯಾಡ. ಅಲ್ಲಿ ತೂಕ ಅಂದ್ರ ಬರೇ ತೂಕ ಅಲ್ಲ" ಎಂದರು. "ಮತ್ತೇನ್ರೀ ಕಾಕಾ?" "ವ್ಯಾಳ್ಯಾ." ಅಷ್ಟರಲ್ಲಿ ಅವರ ಪಾಳಿಯ ಹೊತ್ತಾಯಿತು, ಮಾತು ಅಲ್ಲಿಗೇ ನಿಂತಿತು. ನಿಂತ ಮಾತನ್ನು ಮುಂದುವರಿಸಲು ಈ ಪಾಠ.

ವಿಷಯ ನಮಗೆ ದೂರದ್ದೇನೂ ಅಲ್ಲ. ಹಿಂಜವಾಡಿಯಿಂದ ಪುಣೆಯ ಕಡೆಗೆ ಹೆದ್ದಾರಿ ಹಿಡಿದು ಹೋದರೆ ಪಾಷಾಣ ಸಿಗುತ್ತದೆ. ಅಲ್ಲಿರುವುದು ಆಯುಧಗಳ ಸಂಶೋಧನೆ ನಡೆಸುವ ಕೇಂದ್ರ ಸರಕಾರದ ಸಂಸ್ಥೆ, ಎ.ಆರ್.ಡಿ.ಇ. ನಮ್ಮ ಸೈನ್ಯದ ಇನ್ಸಾಸ್ ರೈಫಲಿನ ವಿನ್ಯಾಸ ಆದದ್ದು ಅಲ್ಲಿ. ಇತ್ತ ಖಡಕಿಯಲ್ಲಿ ೧೮೬೯ರಲ್ಲಿ ಆರಂಭವಾದ ಮದ್ದುಗುಂಡಿನ ಕಾರ್ಖಾನೆಯಿದೆ. ನಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ಗೋಡೆಗಳ ಹಿಂದೆ ಈ ಗ್ರಾಂಗಳ ಲೆಕ್ಕ ನಡೆಯುತ್ತಲೇ ಇರುತ್ತದೆ.

ಮಲೆನಾಡು ಮತ್ತು ಕೊಡಗಿನ ಕಡೆಯ ಓದುಗರು ತೋಟೆ ಕೋವಿಯನ್ನು ನೋಡಿಯೇ ಇರುತ್ತಾರೆ. ಒಂದು ಈಡು ಹೊಡೆದ ಮೇಲೆ ಕೋವಿಯನ್ನು ಮುರಿದು, ಖಾಲಿ ತೋಟೆಯನ್ನು ತೆಗೆದು, ಹೊಸದನ್ನು ಇಟ್ಟು, ಮತ್ತೆ ಮುಚ್ಚಬೇಕು. ಪೋಲೀಸರ ಹೆಗಲ ಮೇಲೆ ಬಹುಕಾಲ ಇದ್ದ ತ್ರೀ ನಾಟ್ ತ್ರೀ ರೈಫಲಿನಲ್ಲಿ ಹತ್ತು ತೋಟೆಗಳು ಮ್ಯಾಗಜೀನಿನಲ್ಲಿ ಇರುತ್ತವೆ, ಆದರೂ ಪ್ರತಿ ಈಡಿಗೂ ಬೋಲ್ಟಿನ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದೆ ನೂಕಿ, ಕೆಳಗೆ ಒತ್ತಬೇಕು. ೧೯೬೨ರಲ್ಲಿ ಹಿಮಾಲಯದ ಗಡಿಯಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಇದೇ ರೈಫಲು. ಎದುರಿನವರ ಬಳಿ ತಾವಾಗಿ ತೋಟೆ ತುಂಬಿಕೊಳ್ಳುವ ಆಯುಧಗಳಿದ್ದವು. ಆ ಯುದ್ಧದ ಬಳಿಕ ಬಂಗಾಳದ ಇಶಾಪುರದ ಕಾರ್ಖಾನೆಯಿಂದ ನಮ್ಮ ಸೈನ್ಯಕ್ಕೆ ಬಂದದ್ದು ೭.೬೨ ಮಿಲಿಮೀಟರಿನ ಸ್ವಯಂಭರ್ತಿ ರೈಫಲು. ಹಳೆಯ ಜವಾನರು ಇಂದಿಗೂ ಅದನ್ನು ಎಸ್.ಎಲ್.ಆರ್. ಎಂದೇ ಕರೆಯುತ್ತಾರೆ. ಇದರ ಮೂಲ ಬೆಲ್ಜಿಯಮ್ ದೇಶದ್ದು. ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಈಡು. ಆದರೆ ಖಾಲಿ ತೋಟೆ ಎಸೆದು ಹೊಸದನ್ನು ಕೂರಿಸುವ ಕೆಲಸಕ್ಕೆ ಕೈ ಬೇಡ. ಹಾಗಾದರೆ ಆ ಕೆಲಸವನ್ನು ಯಾರು ಮಾಡುತ್ತಾರೆ?

ಗುಂಡನ್ನು ದೂಡಿದ ಅನಿಲವೇ ಮಾಡುತ್ತದೆ. ಮದ್ದು ಉರಿದಾಗ ತೋಟೆಯೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ೩,೫೦೦ ಕಿಲೋಗ್ರಾಮಿನ ಆಸುಪಾಸಿನ ಒತ್ತಡ ಏಳುತ್ತದೆ. ಗುಂಡು ನಳಿಗೆಯಲ್ಲಿ ಓಡುತ್ತಿರುವಾಗ, ದಾರಿಯಲ್ಲಿರುವ ಸಣ್ಣ ತೂತಿನಿಂದ ಈ ಅನಿಲದ ಒಂದು ಪಾಲು ಮೇಲೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ಗುದ್ದುತ್ತದೆ. ಪಿಸ್ಟನ್ನು ಕ್ಯಾರಿಯರನ್ನು ಗುದ್ದುತ್ತದೆ. ಕ್ಯಾರಿಯರು ಎಂದರೆ ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಓಡುವ ಉಕ್ಕಿನ ತುಂಡು. ಅದು ಮೊದಲು ಕೆಲವು ಮಿಲಿಮೀಟರು ಒಂಟಿಯಾಗಿ ಓಡಿ, ಆಮೇಲೆ ಬೋಲ್ಟಿನ ಬೀಗ ತೆಗೆದು, ಅದನ್ನು ಜೊತೆಗೆ ಎಳೆದುಕೊಂಡು ಹಿಂದೆ ಹೋಗುತ್ತದೆ. ಹೋಗುವಾಗ ಖಾಲಿ ತೋಟೆ ಹೊರಕ್ಕೆ ಹಾರುತ್ತದೆ, ಸುತ್ತಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಅದುಮಿದ ಸ್ಪ್ರಿಂಗು ಚಾಚಿಕೊಳ್ಳುವಾಗ ಬೋಲ್ಟು ಮುಂದೆ ಬಂದು, ಮ್ಯಾಗಜೀನಿನ ಬಾಯಲ್ಲಿ ಕಾದಿರುವ ತೋಟೆಯನ್ನು ನೂಕಿ ಗೂಡಿನಲ್ಲಿ ಕೂರಿಸಿ, ಮತ್ತೆ ಬೀಗ ಹಾಕಿಕೊಳ್ಳುತ್ತದೆ. ಇದೆಲ್ಲ ಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ ಮುಗಿದುಹೋಗುತ್ತದೆ.

ಈಗ ತೂಕಕ್ಕೆ ಬರೋಣ. ಅನಿಲದ ಗುದ್ದು ಕ್ಷಣಮಾತ್ರದ್ದು. ಅದು ಕ್ಯಾರಿಯರಿಗೆ ಕೊಡುವುದನ್ನು ಪುಸ್ತಕಗಳಲ್ಲಿ ಸಂವೇಗ ಎನ್ನುತ್ತಾರೆ. ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ. ಲೆಕ್ಕಕ್ಕಾಗಿ ಒಂದು ಕ್ಯಾರಿಯರು ೫೦೦ ಗ್ರಾಂ ಇದೆ, ಗುದ್ದು ತಿಂದ ಮೇಲೆ ಸೆಕೆಂಡಿಗೆ ೬ ಮೀಟರು ವೇಗದಲ್ಲಿ ಹೊರಡುತ್ತದೆ ಎಂದುಕೊಳ್ಳಿ. ಅದೇ ಗುದ್ದು ೬೦೦ ಗ್ರಾಮಿನ ಕ್ಯಾರಿಯರಿಗೆ ಬಿದ್ದರೆ ವೇಗ ೫ ಮೀಟರಿಗೆ ಇಳಿಯುತ್ತದೆ. ೪೦೦ ಗ್ರಾಮಿನದಕ್ಕೆ ಬಿದ್ದರೆ ೭.೫ ಮೀಟರಿಗೆ ಏರುತ್ತದೆ. ಇಷ್ಟು ಯಾರಾದರೂ ಊಹಿಸಬಲ್ಲರು. ಊಹೆಗೆ ಸಿಗದ್ದು ಮುಂದಿನದು. ಓಡುವ ವಸ್ತುವಿನ ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ೫೦೦ ಗ್ರಾಮಿನದರಲ್ಲಿ ೯ ಜೂಲು ಶಕ್ತಿಯಿದ್ದರೆ, ೬೦೦ ಗ್ರಾಮಿನದರಲ್ಲಿ ೭.೫ ಜೂಲು, ೪೦೦ ಗ್ರಾಮಿನದರಲ್ಲಿ ೧೧.೨೫ ಜೂಲು. ಅಂದರೆ ತೂಕದಲ್ಲಿ ಐದನೆಯ ಒಂದು ಪಾಲು ಕಳೆದರೆ ಶಕ್ತಿ ನಾಲ್ಕನೆಯ ಒಂದು ಪಾಲು ಏರಿತು! ಹಗುರವಾದ ಭಾಗವೇ ಜೋರಾಗಿ ಬಡಿಯುವ ಭಾಗ. ಈ ಶಕ್ತಿಯಲ್ಲಿ ಕೆಲಸಕ್ಕೆ ಬೇಕಾದಷ್ಟು ಖರ್ಚಾಗಿ, ಉಳಿದದ್ದೆಲ್ಲ ರೈಫಲಿನ ಹಿಂಗೋಡೆಗೆ ಏಟಾಗಿ ಬೀಳುತ್ತದೆ. ಸಾವಿರಾರು ಈಡುಗಳ ಮೇಲೆ ಆ ಏಟು ಲೋಹದಲ್ಲಿ ಬಿರುಕಾಗಿ ಕಾಣಿಸಿಕೊಳ್ಳುತ್ತದೆ. (ನಿಜವಾದ ರೈಫಲಿನಲ್ಲಿ ಭಾರದ ಕ್ಯಾರಿಯರು ನಿಧಾನವಾಗಿ ಸರಿಯುವುದರಿಂದ ಅನಿಲದ ಬಾಯಿಯ ಮುಂದೆ ತುಸು ಹೆಚ್ಚು ಹೊತ್ತು ಇರುತ್ತದೆ. ಆದ್ದರಿಂದ ಗುದ್ದು ಪೂರಾ ಒಂದೇ ಎನ್ನುವುದು ಸುಮಾರಿನ ಮಾತು. ಲೆಕ್ಕದ ದಾರಿ ಮಾತ್ರ ಇದೇ.)

ಕಾಕಾ ಹೇಳಿದ ವೇಳೆಯ ಮಾತು ಬೀಗ ತೆಗೆಯುವ ಕ್ಷಣದಲ್ಲಿ ಅಡಗಿದೆ. ಗುಂಡು ನಳಿಗೆಯಲ್ಲಿರುವ ತನಕ ಒತ್ತಡ ಇದ್ದೇ ಇರುತ್ತದೆ. ಆ ಒತ್ತಡಕ್ಕೆ ಹಿತ್ತಾಳೆಯ ತೋಟೆ ಉಬ್ಬಿ ಗೂಡಿನ ಗೋಡೆಗೆ ಅಂಟಿಕೊಂಡಿರುತ್ತದೆ. ಗುಂಡು ಹೊರಬಿದ್ದು ಒತ್ತಡ ಇಳಿದ ಮೇಲೆ ತೋಟೆ ಸಡಿಲವಾಗುತ್ತದೆ. ಅದಕ್ಕೂ ಮೊದಲೇ ಬೋಲ್ಟು ಬೀಗ ತೆಗೆದು ಎಳೆದರೆ ತೋಟೆಯ ಅಂಚು ಕಿತ್ತುಬಂದು ಒಡಲು ಒಳಗೇ ಉಳಿಯುವುದುಂಟು. ಆಮೇಲೆ ಆ ರೈಫಲು ಬರಿಯ ದೊಣ್ಣೆ. ಎಸ್.ಎಲ್.ಆರ್. ನಳಿಗೆಯ ಉದ್ದ ಸುಮಾರು ೫೩ ಸೆಂಟಿಮೀಟರು, ಗುಂಡು ಅದರಲ್ಲಿರುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹೊತ್ತು. ಕ್ಯಾರಿಯರಿನ ಒಂಟಿ ಓಟಕ್ಕೆ ನಮ್ಮ ಲೆಕ್ಕದಲ್ಲಿ ೬ ಮಿಲಿಮೀಟರು ಕೊಡೋಣ. ೫೦೦ ಗ್ರಾಮಿನದು ಅದನ್ನು ಮುಗಿಸಲು ಸೆಕೆಂಡಿನ ಸಾವಿರದ ಒಂದು ಪಾಲು ಬೇಕು, ೪೦೦ ಗ್ರಾಮಿನದಕ್ಕೆ ಅದರಲ್ಲಿ ಐದನೆಯ ಒಂದು ಪಾಲು ಕಡಿಮೆ. ಅಷ್ಟರಲ್ಲೇನು ಎನ್ನಬೇಡಿ. ಸೆಕೆಂಡಿಗೆ ೮೪೦ ಮೀಟರಿನ ಗುಂಡು ಆ ಸಣ್ಣ ಅಂತರದಲ್ಲಿ ೧೭ ಸೆಂಟಿಮೀಟರು ಸಾಗುತ್ತದೆ, ಎಂದರೆ ನಳಿಗೆಯ ಹತ್ತಿರ ಮೂರನೆಯ ಒಂದು ಪಾಲು. ನೂರು ಗ್ರಾಂ ಉಕ್ಕು ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತಿದೆ. ಗುಂಡು ಮನೆಬಿಟ್ಟು ಹೋಗುವ ತನಕ ಬಾಗಿಲು ತೆರೆಯಗೊಡುವುದಿಲ್ಲ.

ಹಾಗಾದರೆ ಬೀಗವೇ ಇಲ್ಲದೆ, ಬರೀ ತೂಕದ ಕಾವಲಿನಿಂದಲೇ ನಡೆಸಲಾಗದೆ? ಆಗುತ್ತದೆ. ಕಾನಪುರದಲ್ಲಿ ತಯಾರಾಗುತ್ತಿದ್ದ ೯ ಮಿಲಿಮೀಟರಿನ ಕಾರ್ಬೈನು ಹಾಗೆಯೇ ಇತ್ತು. ಅದರ ಗುಂಡು ಏಳೂವರೆ ಗ್ರಾಮು, ವೇಗ ಸೆಕೆಂಡಿಗೆ ೩೯೦ ಮೀಟರಿನ ಸುತ್ತಮುತ್ತ. ಬೋಲ್ಟು ಅರ್ಧ ಕಿಲೋ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ ೬ ಮೀಟರಿನಂತೆ ಹಿಂದೆ ಸರಿಯುತ್ತದೆ, ಕೆಲಸ ನಡೆಯುತ್ತದೆ. ರೈಫಲಿನ ತೋಟೆಗೂ ಇದೇ ಉಪಾಯ ಮಾಡಹೋದರೆ, ಗುಂಡಿನ ಜೊತೆ ನುಗ್ಗುವ ಅನಿಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಬೋಲ್ಟು ಒಂದೇ ಎರಡು ಕಿಲೋ ಹತ್ತಿರ ಬೇಕಾಗುತ್ತದೆ. ಅದನ್ನು ಹೊತ್ತು ಬೆಟ್ಟ ಹತ್ತುವವರು ಯಾರು? ಅದಕ್ಕಾಗಿಯೇ ರೈಫಲಿಗೆ ಬೀಗ ಬಂದದ್ದು.

ಇಷ್ಟು ಓದಿದವರು, ಭಾರ ಹೆಚ್ಚಿಸಿದರೆ ಸರಿ ಎಂದುಕೊಂಡಾರು. ಅದೂ ಅಷ್ಟು ಸುಲಭವಲ್ಲ. ಭಾರ ಮಿತಿಮೀರಿದರೆ ಮೇಲಿನ ಲೆಕ್ಕದಂತೆ ಶಕ್ತಿ ಕುಗ್ಗುತ್ತದೆ, ಕ್ಯಾರಿಯರು ಕೊನೆಯ ತನಕ ಹಿಂದೆ ಹೋಗದೆ ಅರ್ಧದಲ್ಲೇ ತಿರುಗುತ್ತದೆ. ಆಗ ಖಾಲಿ ತೋಟೆ ಹೊರಬೀಳದೆ ಬಾಗಿಲಲ್ಲಿ ಸಿಕ್ಕಿಕೊಳ್ಳಬಹುದು, ಅಥವಾ ಬೋಲ್ಟು ಹೊಸ ತೋಟೆಯ ಬೆನ್ನನ್ನು ದಾಟಿ ಹಿಂದೆ ಹೋಗದೆ, ಬರಿಗೈಯಲ್ಲಿ ಮುಂದೆ ಬಂದು ಮುಚ್ಚಿಕೊಳ್ಳಬಹುದು. ಜವಾನನು ಕುದುರೆ ಎಳೆಯುತ್ತಾನೆ, ಟಕ್ ಎಂಬ ಸದ್ದು ಮಾತ್ರ.

ಚೋದ್ಯವೆಂದರೆ, ಬಹಳ ಹಗುರ ಮಾಡಿದರೂ ಇದೇ ಟಕ್ ಸದ್ದು ಬರಬಹುದು, ಕಾರಣ ಮಾತ್ರ ಬೇರೆ. ಮ್ಯಾಗಜೀನಿನೊಳಗಿನ ಸ್ಪ್ರಿಂಗು ತೋಟೆಗಳ ಇಡೀ ಅಟ್ಟಿಯನ್ನು ಮೇಲೆತ್ತಬೇಕು. ೭.೬೨ರ ಒಂದು ತೋಟೆ ಸುಮಾರು ೨೪ ಗ್ರಾಂ. ಇಪ್ಪತ್ತು ತುಂಬಿದರೆ ಅರ್ಧ ಕಿಲೋ ಹತ್ತಿರ. ಕ್ಯಾರಿಯರಿಗಿರುವಂತೆ ಈ ಅಟ್ಟಿಗೂ ಅದರದೇ ಜಡತ್ವವಿದೆ, ಏಳೆಂದ ಕೂಡಲೆ ಏಳುವುದಿಲ್ಲ. ಹಗುರವಾದ ಬೋಲ್ಟು ಜೋರಾಗಿ ಹಿಂದೆ ಹೋಗಿ, ಹಿಂಗೋಡೆಗೆ ಬಡಿದು ಪುಟಿದು, ಅಟ್ಟಿ ಏಳುವುದರೊಳಗೆ ಮುಂದೆ ಬಂದುಬಿಟ್ಟರೆ ಅದಕ್ಕೆ ತೋಟೆ ಸಿಗದು. ನೀರಿನ ಟ್ಯಾಂಕರಿನ ಮುಂದೆ ಸಾಲಿನಲ್ಲಿ ನಿಂತವರಿಗೆ ಇದು ಅರ್ಥವಾದೀತು. ಹಿಂದಿನವರು ಕೊಡ ಎತ್ತಿ ಮುಂದೆ ಬರುವಷ್ಟರಲ್ಲಿ ನಳ ನಿಂತಿರುತ್ತದೆ. ಹೀಗಾಗಿ ಬೋಲ್ಟಿನ ತೂಕವನ್ನು ಗೊತ್ತುಮಾಡುವವನು ಮ್ಯಾಗಜೀನಿನ ತೂಕವನ್ನೂ ಕೇಳಬೇಕು.

ಇನ್ನೊಂದು ಸೂಕ್ಷ್ಮವಿದೆ, ನಮಗೆ ಬಹಳ ಇಷ್ಟವಾದದ್ದು. ಒಟ್ಟು ತೂಕ ಎಷ್ಟು ಎಂಬುದರ ಜೊತೆಗೆ ಅದು ಯಾವ ಭಾಗದಲ್ಲಿದೆ ಎಂಬುದೂ ಮುಖ್ಯ. ಕ್ಯಾರಿಯರು ಒಂಟಿಯಾಗಿ ಓಡಿ ಆಮೇಲೆ ನಿಂತಿರುವ ಬೋಲ್ಟನ್ನು ಎತ್ತಿಕೊಳ್ಳುತ್ತದೆಯಷ್ಟೆ. ಊರಿಗೆ ಹೋಗುವಾಗ ಮಿರಜದ ಯಾರ್ಡಿನಲ್ಲಿ ನೋಡಿರುತ್ತೀರಿ, ಓಡಿಬಂದ ಡಬ್ಬಿ ನಿಂತ ಡಬ್ಬಿಗೆ ತಾಗಿ, ಕೊಂಡಿ ಬಿದ್ದು, ಎರಡೂ ಕೂಡಿ ನಿಧಾನವಾಗಿ ಉರುಳುತ್ತವೆ. ಎರಡೂ ಸಮತೂಕದವಾದರೆ ವೇಗ ಅರ್ಧಕ್ಕಿಳಿಯುತ್ತದೆ, ಚಲನಶಕ್ತಿಯೂ ಅರ್ಧ ಆ ತಾಕಲಾಟದಲ್ಲೇ ಕರಗಿಹೋಗುತ್ತದೆ. ಓಡಿಬಂದದ್ದು ಐದು ಪಾಲು, ನಿಂತದ್ದು ಒಂದು ಪಾಲು ಭಾರವಾದರೆ ನಷ್ಟ ಆರನೆಯ ಒಂದು ಪಾಲು ಮಾತ್ರ. ಆದ್ದರಿಂದ ಕ್ಯಾರಿಯರು ಭಾರವಾಗಿ, ಬೋಲ್ಟು ಹಗುರವಾಗಿ ಇರುವುದು ಲಾಭ. ರಶಿಯದ ಕಲಾಶ್ನಿಕೋವನ ರೈಫಲಿನಲ್ಲಿ ಪಿಸ್ಟನ್ನು ಕ್ಯಾರಿಯರಿಗೇ ಕೂಡಿಕೊಂಡಿದೆ, ಅವೆರಡರ ತೂಕ ಬೋಲ್ಟಿನ ತೂಕಕ್ಕೆ ಹಲವು ಪಟ್ಟು. ಮರಳು ಮಣ್ಣಿನಲ್ಲಿ ಬಿದ್ದೆದ್ದರೂ ಅದು ನಡೆಯುತ್ತದೆಂಬ ಖ್ಯಾತಿಗೆ ಭಾಗಗಳ ನಡುವಿನ ಸಡಿಲ ಒಂದು ಕಾರಣ, ಈ ತೂಕದ ಹಂಚಿಕೆ ಇನ್ನೊಂದು ಕಾರಣ. ಇನ್ಸಾಸಿನ ವಿನ್ಯಾಸವೂ ಇದೇ ದಾರಿಯಲ್ಲಿ ನಡೆಯಿತು.

ತೂಕ ಮತ್ತು ಗುದ್ದು ಒಂದಕ್ಕೊಂದು ಹೊಂದದೆ ಹೋದರೆ ಎಷ್ಟು ದುಬಾರಿಯಾದೀತು ಎಂಬುದಕ್ಕೆ ಅಮೆರಿಕದ ಎಂ-೧೬ ರೈಫಲಿನ ಕತೆ ಸಾಕು. ಅದು ಹಗುರವಾದ ರೈಫಲು. ಹಿಂದೆ ಬರುವ ಕ್ಯಾರಿಯರನ್ನು ತಡೆದು ನಿಲ್ಲಿಸಲು ಅದರ ಹಿಡಿಕೆಯೊಳಗೆ ಬಫರು ಎಂಬ ಸಣ್ಣ ತುಂಡು ಇದೆ. ಅದೂ ಕ್ಯಾರಿಯರಿನ ಜೊತೆ ಓಡುವುದರಿಂದ ಅದರ ತೂಕವೂ ಲೆಕ್ಕಕ್ಕೆ ಸೇರುತ್ತದೆ. ರೈಫಲನ್ನು ಒಂದು ಬಗೆಯ ಮದ್ದಿಗೆ ಹೊಂದಿಸಿ ರೂಪಿಸಿದ್ದರು. ೧೯೬೪ರ ಸುಮಾರಿಗೆ ಬೇರೆ ಬಗೆಯ ಮದ್ದಿನ ತೋಟೆಗಳು ಬಂದವು. ಗುಂಡಿನ ವೇಗದಲ್ಲಿ ವ್ಯತ್ಯಾಸವಿರಲಿಲ್ಲ, ಆದರೆ ಅನಿಲದ ತೂತಿನ ಬಳಿ ಒತ್ತಡ ಹೆಚ್ಚಾಯಿತು. ಕ್ಯಾರಿಯರು ಅದೇ, ಬಫರು ಅದೇ, ಗುದ್ದು ಮಾತ್ರ ಜೋರಾಯಿತು. ಒಂದೇ ಸಮನೆ ಹೊಡೆಯುವಾಗ ನಿಮಿಷಕ್ಕೆ ೮೫೦ನ್ನು ಮೀರಬಾರದಿದ್ದ ಈಡುಗಳು ೧೦೦೦ದ ಬಳಿಗೆ ಏರಿದವು. ಮೇಲೆ ಹೇಳಿದ ಕೇಡುಗಳೆಲ್ಲ ಒಂದೊಂದಾಗಿ ಬಂದವು. ವಿಯೆಟ್ನಾಮಿನ ಕೆಸರಿನಲ್ಲಿ ರೈಫಲುಗಳು ಕೆಟ್ಟುನಿಂತು ಸೈನಿಕರು ಸತ್ತರು. ಅವರು ಮನೆಗೆ ಬರೆದ ಕಾಗದಗಳ ಮೇಲೆ ಗದ್ದಲವೆದ್ದು ೧೯೬೭ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯೇ ವಿಚಾರಣೆ ನಡೆಸಬೇಕಾಯಿತು. ತಪ್ಪು ಮದ್ದಿನದೊಂದೇ ಅಲ್ಲ, ಗೂಡಿಗೆ ಕ್ರೋಮಿಯಮ್ ಲೇಪವಿರಲಿಲ್ಲ, ಚೊಕ್ಕಟ ಮಾಡುವ ಸಾಮಾನನ್ನೂ ಸರಿಯಾಗಿ ಕೊಟ್ಟಿರಲಿಲ್ಲ. ಆದರೆ ಮಾಡಿದ ಪರಿಹಾರಗಳಲ್ಲಿ ಒಂದು ಬಫರಿನ ತೂಕ ಹೆಚ್ಚಿಸಿದ್ದು.

ಆ ಹೊಸ ಬಫರು ಫಿಟ್ಟರುಗಳಿಗೆ ಮೆಚ್ಚುಗೆಯಾಗುವ ವಸ್ತು. ಅದರ ಹೊಟ್ಟೆಯಲ್ಲಿ ಉಕ್ಕಿನ ಬಿಲ್ಲೆಗಳು, ನಡುನಡುವೆ ರಬ್ಬರಿನ ತುಂಡುಗಳು, ಅವು ಒಳಗೆ ತುಸು ಜಾರಾಡುವಂತೆ ಜಾಗ. ಕ್ಯಾರಿಯರು ಮುಂದೆ ಬಂದು ಬಡಿದಾಗ ಪುಟಿದು ಹಿಂದೆ ಸರಿಯಲು ನೋಡುತ್ತದೆ. ಅಷ್ಟರಲ್ಲಿ ಬಿಲ್ಲೆಗಳು ತಡವಾಗಿ ಬಂದು ಒಳಗಿನಿಂದ ಮುಂದಕ್ಕೆ ಗುದ್ದಿ ಅದನ್ನು ಅಲ್ಲೇ ಕೂರಿಸುತ್ತವೆ. ನಮ್ಮ ವರ್ಕಶಾಪುಗಳಲ್ಲಿ ಪುಟಿಯದ ಸುತ್ತಿಗೆ ಇರುತ್ತದಲ್ಲ, ತಲೆಯೊಳಗೆ ಸೀಸದ ಇಲ್ಲವೆ ಉಕ್ಕಿನ ಕಾಳು ತುಂಬಿದ್ದು, ಅದೇ ಯುಕ್ತಿ.

ಇನ್ನು ಚಳಿ ಮತ್ತು ಕೊಳೆಯ ಮಾತು. ಕಾರ್ಖಾನೆಯಲ್ಲಿ ಹೊಂದಿಸಿದ ಲೆಕ್ಕ ಬೆಟ್ಟದ ಮೇಲೆ ಹಾಗೇ ಉಳಿಯುವುದಿಲ್ಲ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಮದ್ದಿನ ಮಸಿ ಕಟ್ಟುತ್ತದೆ, ಧೂಳು ಸೇರುತ್ತದೆ. ಕ್ಯಾರಿಯರಿನ ಶಕ್ತಿಯಲ್ಲಿ ಒಂದು ಪಾಲು ಈ ತಿಕ್ಕಾಟಕ್ಕೇ ತೆರಬೇಕು. ಜವಾನನು ಅಲ್ಲಿ ತೂಕ ಬದಲಿಸಲಾರ. ಅದಕ್ಕೆ ಎಸ್.ಎಲ್.ಆರ್.ನಲ್ಲಿ ತೂಕಕ್ಕೆ ಕೈಹಚ್ಚದೆ ಗುದ್ದನ್ನೇ ಹೆಚ್ಚು ಕಡಿಮೆ ಮಾಡುವ ಏರ್ಪಾಡು ಇಟ್ಟರು. ನಳಿಗೆಯ ಮೇಲೆ ಒಂದು ಬಳೆ. ಅದನ್ನು ತಿರುಗಿಸಿದಂತೆ ಹೊರಗೆ ಪೋಲಾಗುವ ಅನಿಲ ಕಡಿಮೆಯಾಗಿ ಪಿಸ್ಟನ್ನಿಗೆ ಹೆಚ್ಚು ಸಿಗುತ್ತದೆ. ತೆಗೆಯಬೇಕಾದ್ದಕ್ಕಿಂತ ಹೆಚ್ಚು ಅನಿಲ ತೆಗೆದರೆ ಹಗುರ ಕ್ಯಾರಿಯರಿನ ಕೇಡುಗಳೇ ಬರುತ್ತವೆ ಎಂಬುದನ್ನು ಇಷ್ಟು ಹೊತ್ತಿಗೆ ಓದುಗರು ತಾವೇ ಹೇಳಬಲ್ಲರು.

ಪಾಷಾಣದ ಇನ್ಸಾಸಿಗೆ ೫.೫೬ ಮಿಲಿಮೀಟರಿನ ಸಣ್ಣ ತೋಟೆ. ಅದರ ಗುಂಡು ಸುಮಾರು ೪ ಗ್ರಾಂ, ಇಡೀ ತೋಟೆ ೧೨ ಗ್ರಾಂ. ಗುಂಡಿನ ಸಂವೇಗ ಎಸ್.ಎಲ್.ಆರ್.ನ ಅರ್ಧಕ್ಕಿಂತ ಕಡಿಮೆ, ಇಪ್ಪತ್ತು ತೋಟೆಗಳ ಅಟ್ಟಿಯೂ ಅರ್ಧ. ಹಳೆಯ ಲೆಕ್ಕವನ್ನು ಹಾಗೇ ಎತ್ತಿಡುವಂತಿಲ್ಲ, ಪ್ರತಿಯೊಂದು ಓಡುವ ಭಾಗವನ್ನೂ ಹೊಸದಾಗಿ ತೂಗಬೇಕು. ಸೈನ್ಯಕ್ಕೆ ಅದು ಬಂದದ್ದು ೧೯೯೦ರ ದಶಕದಲ್ಲಿ. ೧೯೯೯ರಲ್ಲಿ ಕಾರ್ಗಿಲ್ಲಿನ ಚಳಿಯಲ್ಲಿ ಅದರ ಪ್ಲಾಸ್ಟಿಕ್ಕಿನ ಮ್ಯಾಗಜೀನು ಬಿರುಕು ಬಿಡುತ್ತದೆ, ರೈಫಲು ಆಗಾಗ ಸಿಕ್ಕಿಕೊಳ್ಳುತ್ತದೆ ಎಂಬ ದೂರುಗಳು ಬಂದವು. ಮ್ಯಾಗಜೀನನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ಹೊರುವವನಿಗೆ ಹಗುರ, ಒಳಗಿನ ತೋಟೆಗಳೂ ಹೊರಗಿನಿಂದ ಕಾಣುತ್ತವೆ. ಆ ಹಗುರಕ್ಕೆ ಹಿಮದಲ್ಲಿ ಬೆಲೆ ತೆರಬೇಕಾಯಿತು.

ನಮ್ಮ ತರುಣ ಓದುಗರ ಪ್ರಶ್ನೆಗೆ ಉತ್ತರ ಇಲ್ಲಿಂದ ಹೊರಡುತ್ತದೆ. ರೈಫಲಿನಲ್ಲಿ ಸುಮ್ಮನಿರುವ ತೂಕ ಬೇರೆ, ಓಡುವ ತೂಕ ಬೇರೆ. ಹಿಡಿಕೆಯಲ್ಲಿ, ನಳಿಗೆಯ ಹೊದಿಕೆಯಲ್ಲಿ ಗ್ರಾಂ ಕಳೆದರೆ ಜವಾನನ ಹೆಗಲು ಹಗುರವಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಭುಜಕ್ಕೆ ಬೀಳುವ ಒದೆ ತುಸು ಜೋರಾಗುವುದು, ಅಷ್ಟೇ. ೨೦೨೪ರ ಜನವರಿಯಲ್ಲಿ ಎ.ಆರ್.ಡಿ.ಇ. ಪುಣೆಯಲ್ಲಿ ಹೊರತಂದ ಉಗ್ರಮ್ ಎಂಬ ರೈಫಲು ಮತ್ತೆ ೭.೬೨ರದೇ, ಆದರೂ ತೂಕ ನಾಲ್ಕು ಕಿಲೋಗಿಂತ ಕಡಿಮೆ; ಎಸ್.ಎಲ್.ಆರ್. ನಾಲ್ಕು ಕಿಲೋ ಮೀರಿತ್ತು. ಓಡುವ ಭಾಗದಲ್ಲಿ ಕಳೆದ ಗ್ರಾಮಿನ ಕತೆ ಹೀಗಲ್ಲ. ಅದು ವೇಗವಾಗಿ, ಏಟಾಗಿ, ಬೇಗ ತೆರೆದ ಬೀಗವಾಗಿ ಎಲ್ಲಾದರೊಂದು ಕಡೆ ತಿರುಗಿ ಬರುತ್ತದೆ. ಚಾಕಣದಲ್ಲಿ ಅವರು ತಪಾಸಣೆ ಮಾಡುವುದು ಎಂಜಿನ್ನಿನ ಕನೆಕ್ಟಿಂಗ್ ರಾಡು, ರೈಫಲಿನ ಭಾಗವಲ್ಲ. ಆದರೆ ಅದೂ ನಿಮಿಷಕ್ಕೆ ಸಾವಿರಾರು ಸಲ ಹಿಂದೆ ಮುಂದೆ ಓಡುವ ಭಾಗ. ನಾಲ್ಕು ರಾಡುಗಳಲ್ಲಿ ಒಂದು ಹಗುರವಾಗಿದ್ದರೆ ಎಂಜಿನ್ನು ಅದುರುತ್ತದೆ, ಬೇರಿಂಗು ಬೇಗ ಸವೆಯುತ್ತದೆ. ಅಳತೆ ಸರಿಯಿದ್ದು ತೂಕ ತಪ್ಪಿದ ರಾಡನ್ನು ಅವರ ಮೇಲಿನವರು ಏಕೆ ಪಕ್ಕಕ್ಕಿಡುತ್ತಾರೆಂದು ಈಗ ಹೇಳಬೇಕಿಲ್ಲ.

ಮನೆಯಲ್ಲೇ ಪರೀಕ್ಷಿಸಿ ನೋಡುವವರಿಗೆ ಒಂದು ಪ್ರಯೋಗ. ಮಗುವಿನ ಜೋಳಿಗೆ ಕಟ್ಟುವ ಸ್ಪ್ರಿಂಗಿಗೆ (ಮಗು ಜೋಳಿಗೆಯಲ್ಲಿ ಇಲ್ಲದಾಗ) ಮೊದಲು ೩ ಕಿಲೋ ಅಕ್ಕಿಯ ಚೀಲ ಕಟ್ಟಿ, ತುಸು ಕೆಳಗೆ ಜಗ್ಗಿ ಬಿಡಿ. ಇಪ್ಪತ್ತು ಸಲ ಮೇಲೆ ಕೆಳಗೆ ಆಡಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ೧೨ ಕಿಲೋ ಕಟ್ಟಿ ಅದೇ ಇಪ್ಪತ್ತನ್ನು ಎಣಿಸಿ. ತೂಕ ನಾಲ್ಕು ಪಟ್ಟಾದರೂ ವೇಳೆ ನಾಲ್ಕು ಪಟ್ಟಾಗಿರುವುದಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ. ರೈಫಲಿನ ಸ್ಪ್ರಿಂಗು ಬೋಲ್ಟನ್ನು ಮುಂದೆ ತರುವಾಗಲೂ ತೂಕಕ್ಕೂ ವೇಳೆಗೂ ಇರುವ ಸಂಬಂಧ ಇದೇ. ಫಲಿತಾಂಶವನ್ನು ಚೀಟಿಯಲ್ಲಿ ಬರೆದು ತಂದರೆ ಭಾನುವಾರ ಕಾಕಾ ಅವರ ಮುಂದೆ ಇಡೋಣ. ಈ ತಿಂಗಳು ಅವರಿಗೆ ರಾತ್ರಿ ಪಾಳಿ, ಸಂಜೆ ಆರರ ತನಕ ವಾಚನಾಲಯದಲ್ಲಿ ಸಿಗುತ್ತಾರೆ.